ಒಂದು ಬೆರಳಿನ ಜಾಗ

ನಮ್ಮ ಮಾವನವರು ತೀರಿಕೊಂಡ ದಿನ ಮನೆ ಮುಂದೆ ಜನ ಬಿಟ್ಟಿದ್ದ ಚಪ್ಪಲಿಗಳಲ್ಲಿ ಅರ್ಧಕ್ಕರ್ಧ ಅವರೇ ಮಾರಿದ್ದು. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ ಚಪ್ಪಲಿ ಅದಲು ಬದಲಾಗುವುದು ಇದ್ದದ್ದೇ. ಆದರೆ ಅವತ್ತು ಅಷ್ಟೊಂದು ಜನ ಬಂದು ಹೋದರೂ ಒಬ್ಬರ ಚಪ್ಪಲಿ ಇನ್ನೊಬ್ಬರ ಕಾಲಿಗೆ ಹೋಗಲಿಲ್ಲ. ನಮ್ಮ ಅಂಗಡಿಯ ಪಕ್ಕದಲ್ಲೇ ಬಟ್ಟೆ ಅಂಗಡಿ ಇಟ್ಟಿರುವ ಸಾಹೇಬರು ಕಣ್ಣೊರೆಸಿಕೊಳ್ಳುತ್ತಲೇ, "ಹೆಂಗೆ ಹೋಗುತ್ತಮ್ಮ? ಇವ್ರು ಕೊಟ್ಟಿದ್ದು ಬೇರೆಯವ್ರ ಕಾಲಿಗೆ ಹತ್ತೋದೇ ಇಲ್ವಲ್ಲ!" ಎಂದರು. ಅಳುತ್ತ ಕೂತಿದ್ದ ನಮ್ಮತ್ತೆ ಫಕ್ಕನೆ ನಕ್ಕುಬಿಟ್ಟರು. ಆಮೇಲೆ ನಕ್ಕಿದ್ದಕ್ಕೆ ಮತ್ತೆ ಅತ್ತರು.

ಶಿಡ್ಲಘಟ್ಟದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದೆ ನಮ್ಮ ಚಪ್ಪಲಿ ಅಂಗಡಿ. ಈಗ ಗಲ್ಲಾದ ಮುಂದೆ ನಾನು ಕೂರುತ್ತೇನೆ. ಮಾವನವರಿದ್ದಾಗ ಅದು ಅಂಗಡಿಯೋ ಪಂಚಾಯ್ತಿ ಕಟ್ಟೆಯೋ ಗೊತ್ತಾಗುತ್ತಿರಲಿಲ್ಲ. ಸ್ಕೂಲು ಶುರುವಾಗುವ ಸಮಯ ಬಂತೆಂದರೆ ಸಾಕು, ಜಗಳ. ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರು, "ಎರಡು ವರ್ಷ ಬರ್ಬೇಕು, ಎರಡು ಸೈಜ್ ದೊಡ್ಡದೇ ಕೊಡಿ" ಅನ್ನುವುದು, ಇವರು ಕೊಡುವುದಿಲ್ಲ ಎನ್ನುವುದು. ಮಗುವಿನ ಕಾಲಿಗೆ ಶೂ ಹಾಕಿಸಿ, ಹಿಮ್ಮಡಿಯ ಹಿಂದೆ ತಮ್ಮ ತೋರುಬೆರಳು ತೂರಿಸಿ ನೋಡುತ್ತಿದ್ದರು. ಒಂದು ಬೆರಳು ಹೋದರೆ ಸರಿ. ಹೋಗದಿದ್ದರೆ ಚಿಕ್ಕದು. ಸಲೀಸಾಗಿ ಎರಡು ಬೆರಳು ಹೋದರೆ ಅದನ್ನು ಆ ಮಗುವಿಗೆ ಮಾರುವ ಮಾತೇ ಇಲ್ಲ.

"ದುಡ್ಡು ನಂದು, ಮಗು ನಂದು, ನಿಮ್ಗೇನ್ರೀ ಕಷ್ಟ?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು.

"ಕಾಲು ಅವ್ನದಲ್ವೇನಮ್ಮ? ಚಿಕ್ಕದಾದ್ರೆ ಕಚ್ಚುತ್ತೆ, ದೊಡ್ಡದಾದ್ರೆ ಜಾರುತ್ತೆ. ಬಿದ್ದು ಮೂಗು ಒಡ್ಕೊಂಡ್ರೆ ಮೂಗಿಗೆ ಎರಡು ವರ್ಷ ಬರೋ ಸೈಜ್ ಎಲ್ಲಿ ತರ್ತೀಯಾ?" ಎಂದರು ಮಾವ. ಆಕೆ ಧುಮುಗುಟ್ಟುತ್ತ ಎದುರಿನ ಅಂಗಡಿಗೆ ಹೋದಳು. ಹಾಗೆ ಎದುರಿನ ಅಂಗಡಿಯನ್ನು ಬೆಳೆಸಿದವರು ನಮ್ಮ ಮಾವನವರೇ.

ಇದೇ ಬೆರಳು ಮನೆಯ ಮಹಡಿಯ ಮೇಲೆ ಗಿಡಗಳಿಗೂ ಚಲಾವಣೆಯಲ್ಲಿತ್ತು. ಅಂಗಡಿ ಬಿಟ್ಟರೆ ಅವರಿಗೆ ಕುಂಡಗಳ ಹುಚ್ಚು. ಗಿಡಗಳ ಹುಚ್ಚು ಎನ್ನಲಾರೆ. ಹೂವು ಬಿಟ್ಟಿತೋ ಕಾಯಿ ಬಿಟ್ಟಿತೋ ಅಂತ ಅವರು ತಲೆ ಕೆಡಿಸಿಕೊಂಡಿದ್ದನ್ನು ನಾನು ನೋಡಿಲ್ಲ. ಅವರ ಚಿಂತೆಯೆಲ್ಲ ಬೇರಿಗೆ ಜಾಗ ಸರಿಯಾಗಿದೆಯೇ ಅನ್ನುವುದು. ಗಿಡದ ಬುಡವನ್ನು ಎರಡು ಬೆರಳಿನ ಸಂದಿಯಲ್ಲಿ ಹಿಡಿದು, ಕುಂಡವನ್ನು ತಲೆಕೆಳಗು ಮಾಡಿ, ತಳಕ್ಕೆ ಅಂಗೈಯಿಂದ ಎರಡು ಏಟು ಕೊಟ್ಟರೆ ಮಣ್ಣಿನ ಮುದ್ದೆ ಇಡ್ಲಿ ಎದ್ದ ಹಾಗೆ ಎದ್ದು ಬರುತ್ತಿತ್ತು. ಬೇರು ಕುಂಡದ ಗೋಡೆ ಹಿಡಿದು ಸುತ್ತು ಹೊಡೆದಿದ್ದರೆ ಒಂದು ಬೆರಳು ದೊಡ್ಡ ಕುಂಡ. ಇಲ್ಲದಿದ್ದರೆ ಅದರಲ್ಲೇ ವಾಪಸ್ಸು.

"ಒಂದೇ ಸಲ ದೊಡ್ಡದಕ್ಕೆ ಹಾಕಿದ್ರೆ ಏನ್ ಮಾವ? ಪದೇ ಪದೇ ಕೀಳೋದು ತಪ್ಪುತ್ತಲ್ಲ" ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ಇಬ್ರು ಇರೋ ಮನೇಲಿ ಹಂಡೆ ತುಂಬ ಅನ್ನ ಮಾಡಿದ್ರೆ ಏನಾಗುತ್ತೆ ಕಣಮ್ಮ?"

"ಹಳಸುತ್ತೆ."

"ಹಂಗೇನೇ. ಚಿಕ್ಕ ಬೇರು, ದೊಡ್ಡ ಪಾಟು. ನೀರು ಕುಡಿಯೋಷ್ಟು ಕುಡಿಯುತ್ತೆ, ಮಿಕ್ಕಿದ್ದು ನಿಂತು ಹಳಸುತ್ತೆ. ಬೇರು ಕೊಳೆಯುತ್ತೆ. ಜನ ಎಲೆ ಹಳದಿ ಆಯ್ತು ಅಂತ ಇನ್ನೊಂದು ಚೊಂಬು ಸುರೀತಾರೆ."

ಹಾಗಂತ ಎಲ್ಲಕ್ಕೂ ಚಿಕ್ಕದೇ ಕೊಡುವ ಜಿಪುಣರಲ್ಲ. "ಕೊತ್ತಂಬರಿಗೆ ಬಾಂಡ್ಲಿ, ಬದನೆಗೆ ಬಕೆಟ್ಟು" ಎಂಬುದು ಅವರ ಮಾತು. ಕೊತ್ತಂಬರಿಗೆ ಆಳ ಬೇಡ, ಅಗಲ ಬೇಕು. ಬದನೆ ಬೇರು ಆಳಕ್ಕೆ ಇಳಿಯುತ್ತದೆ. ಇದನ್ನು ಬಾಯಲ್ಲಿ ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಅತ್ತೆಯ ಒಳ್ಳೆ ಕಬ್ಬಿಣದ ಬಾಣಲೆಗೆ ತೂತು ಹೊಡೆದು ಕೊತ್ತಂಬರಿ ಹಾಕಿದರು. ಅವತ್ತು ಮನೆಯಲ್ಲಿ ಆದ ರಾಮಾಯಣ ನಾನು ಬರೆಯುವುದಿಲ್ಲ. ಸಾಹೇಬರ ಮನೆಯಲ್ಲಿ ಪೇಂಟ್ ಡಬ್ಬದಲ್ಲಿದ್ದ ನಿಂಬೆ ಗಿಡ ನೋಡಿ, ಊಟಕ್ಕೆ ಕರೆದಿದ್ದ ಹಬ್ಬದ ದಿನವೇ, ಬಿರಿಯಾನಿ ತಣ್ಣಗಾಗಲು ಬಿಟ್ಟು ಡಬ್ಬ ಕತ್ತರಿಸಲು ಕೂತಿದ್ದರು. "ಅರೆ ಭಾಯಿ, ಮೊದ್ಲು ಊಟ!" ಎಂದು ಸಾಹೇಬರು ಬೇಡಿಕೊಂಡರೆ, "ಅದ್ಕೆ ಉಸಿರು ಕಟ್ತಾ ಇದೆ, ನಿಮ್ಗೆ ಬಿರಿಯಾನಿ ಚಿಂತೆ" ಎಂದು ಗದರಿದ್ದರಂತೆ.

ನಮ್ಮತ್ತೆ ಹೇಳುತ್ತಿದ್ದರು: "ಇವ್ರು ಮನೆಗೆ ಬಂದವ್ರ ಮುಖ ನೋಡಲ್ಲ. ಬಾಗ್ಲಲ್ಲಿ ಕಾಲು ನೋಡ್ತಾರೆ. ಇನ್ನೊಬ್ರ ಮನೆಗೆ ಹೋದ್ರೆ ಪಾಟ್ ನೋಡ್ತಾರೆ."

ಇದು ಎಷ್ಟು ನಿಜ ಎನ್ನುವುದಕ್ಕೆ ನಾನೇ ಸಾಕ್ಷಿ. ನನ್ನ ಮದುವೆ ಮಾತು ಒಂದು ಸಲ ಮುರಿದುಬಿದ್ದದ್ದೇ ಅದರಿಂದ.

ನನ್ನ ತವರು ಚಿಂತಾಮಣಿ. ಮನೆಯಲ್ಲಿ ಅಪ್ಪ ಅಮ್ಮ ಇದ್ದರೂ ಮಾತು ನಡೆಯುತ್ತಿದ್ದುದು, ಈಗಲೂ ನಡೆಯುವುದು, ನಮ್ಮ ಅಜ್ಜಿಯದು. ಆಗಲೇ ಎಂಬತ್ತರ ಹತ್ತಿರದ ಜೀವ. ಮಾತು ಕನ್ನಡದಲ್ಲಿ ಶುರುವಾಗಿ, ಸಿಟ್ಟು ಬಂದರೆ ತೆಲುಗಿಗೆ ಹೊರಳುತ್ತಿತ್ತು. ನನಗೆ ಗಂಡು ಕೂಡಿ ಬರಲಿ ಅಂತ ಅಜ್ಜಿ ಕೈವಾರಕ್ಕೆ ಹೋಗಿ ಹರಕೆ ಹೊತ್ತು ಬಂದು, ಅಂಗಳದಲ್ಲಿ ಹೊಸ ತುಳಸಿ ಬೃಂದಾವನ ಕಟ್ಟಿಸಿದ್ದಳು. ಸಿಮೆಂಟಿನದು. ನಾಲ್ಕೂ ಕಡೆ ಆನೆ, ಕಮಲ, ಮೇಲೆ ಹಸಿರು ಬಣ್ಣ. ಒಳಗೆ ನಾನೇ ಇಳಿದು ಕೂತರೂ ಜಾಗ ಮಿಗುತ್ತಿತ್ತು. ಅದರ ನಟ್ಟ ನಡುವೆ ಒಂದು ಗೇಣುದ್ದದ ತುಳಸಿ ಸಸಿ. ಬೆಳಗ್ಗೆ ಎದ್ದು ಅಜ್ಜಿ ಒಂದು ಚೊಂಬು ನೀರು ಹಾಕುವುದು, ಆಮೇಲೆ ಅಮ್ಮ ಒಂದು, ಹರಕೆ ನನ್ನದೇ ಆದ್ದರಿಂದ ನಾನೊಂದು. ಸಸಿ ದಿನದಿಂದ ದಿನಕ್ಕೆ ಹಳದಿಯಾಯಿತು. ಅಜ್ಜಿ ಯಾರದೋ ದೃಷ್ಟಿ ಎಂದು ತೀರ್ಮಾನಿಸಿದ್ದಳು.

ಅಂಥ ಒಂದು ಶುಕ್ರವಾರ ಹೆಣ್ಣು ನೋಡಲು ಇವರು ಬಂದರು. ಹುಡುಗ ನನಗೆ ನೋಡಿದ ಕೂಡಲೇ ಹಿಡಿಸಿದ. ಅವನಿಗೂ ನಾನು ಹಿಡಿಸಿದ್ದು ಗೊತ್ತಾಗುತ್ತಿತ್ತು. ಉಪ್ಪಿಟ್ಟಿಗೆ ಸಕ್ಕರೆ ಹಾಕಿಕೊಂಡು ಖಾರ ಎಂದ. ಅವರಪ್ಪ ಮಾತ್ರ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲಾಚೆ ಅಂಗಳದ ಕಡೆಯೇ ಕಣ್ಣು. ಎಲ್ಲರೂ ಓದು, ನಕ್ಷತ್ರ, ಅಡುಗೆ ಅಂತ ಕೇಳುತ್ತಿದ್ದರೆ, ಇವರು ಕೇಳಿದ್ದು ಒಂದೇ ಪ್ರಶ್ನೆ.

"ಆ ತುಳಸಿಗೆ ದಿನಾ ಎಷ್ಟು ನೀರು ಹಾಕ್ತೀರಮ್ಮ?"

"ಮೂರು ಚೊಂಬು" ಎಂದೆ. ಭಕ್ತಿಗೆ ಮೆಚ್ಚುತ್ತಾರೆ ಅಂದುಕೊಂಡಿದ್ದೆ.

"ಅಯ್ಯಯ್ಯೋ" ಎಂದು ತಟ್ಟೆ ಕೆಳಗಿಟ್ಟು ಎದ್ದರು. ಕೈ ತೊಳೆಯಲು ಹೋಗುತ್ತಿದ್ದಾರೆ ಎಂದು ಅಪ್ಪ ಟವೆಲ್ ಹಿಡಿದು ಹಿಂದೆ ಹೋದರು. ಮಾವನವರು ನೆಟ್ಟಗೆ ಬೃಂದಾವನಕ್ಕೆ ಹೋಗಿ, ಮಣ್ಣಿಗೆ ಬೆರಳು ತೂರಿಸಿ, ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ, ಯಾರು ಏನು ಎನ್ನುವಷ್ಟರಲ್ಲಿ ಸಸಿಯನ್ನು ಬುಡ ಹಿಡಿದು ಎತ್ತಿಬಿಟ್ಟರು. ಶುಕ್ರವಾರ. ಹರಕೆಯ ತುಳಸಿ. ಹೆಣ್ಣು ನೋಡುವ ಶಾಸ್ತ್ರ ಅರ್ಧ ಆಗಿದೆ.

"ಅಯ್ಯೋ ದೇವುಡಾ! ಏಮಯ್ಯಾ ಇದಿ!" ಎಂದು ಅಜ್ಜಿ ಕೂಗಿದ್ದು ಬೀದಿ ಕೊನೆಯ ಹಿಟ್ಟಿನ ಗಿರಣಿಗೆ ಕೇಳಿಸಿತಂತೆ.

"ನೀವೇ ನೋಡಿ ಅಮ್ಮಾ, ಬೇರೆಲ್ಲಾ ಕೊಳೆತೋಗಿದೆ, ವಾಸನೆ ನೋಡಿ" ಎಂದು ಇವರು ಬೇರನ್ನು ಅಜ್ಜಿಯ ಮೂಗಿಗೇ ಹಿಡಿದರು. "ಇಷ್ಟು ದೊಡ್ಡದು ಬೇಡ ಇದಕ್ಕೆ. ಲೋಟದಷ್ಟು ಸಾಕು."

"ಚಪ್ಪಲಿ ಮುಟ್ಟೋ ಕೈಲಿ ತುಳಸಿ ಕಿತ್ತು, ನಂಗೇ ಬುದ್ಧಿ ಹೇಳ್ತೀಯಾ? ಎದ್ದು ನಡೀರಿ ಎಲ್ರೂ!"

ನಡೆದರು. ಹೋಗುವಾಗ ಮಾವನವರು ಸಸಿಯನ್ನು ಬಿಟ್ಟು ಹೋಗಲಿಲ್ಲ. ಬೇರಿಗೆ ಕರ್ಚೀಫು ಸುತ್ತಿ ಜೊತೆಗೇ ತೆಗೆದುಕೊಂಡು ಹೋದರು. ಹುಡುಗ ಮಾತ್ರ ಹೊಸ್ತಿಲ ಮೇಲೆ ಬಿದ್ದಿದ್ದ ಮಣ್ಣನ್ನು ಕೈಯಲ್ಲಿ ಬಾಚಿ ತೆಗೆದು, ನನ್ನ ಕಡೆ ಒಂದು ಸಲ ನೋಡಿ ಹೋದ. ಚಿಂತಾಮಣಿಯ ನೆಂಟರಲ್ಲೆಲ್ಲ ಒಂದೇ ಸುದ್ದಿ: ಹೆಣ್ಣು ನೋಡೋಕೆ ಬಂದು ತುಳಸಿ ಕಿತ್ಕೊಂಡು ಹೋದ್ರಂತೆ! ನಾನು ಎರಡು ದಿನ ಊಟ ಬಿಟ್ಟೆ. ತುಳಸಿಗಾಗಿ ಎಂದು ಎಲ್ಲರೂ ನಂಬಿದರು.

ಸುಮಾರು ಎರಡು ತಿಂಗಳ ಮೇಲೆ ಮಾವನವರು ಒಬ್ಬರೇ ಬಂದು ನಮ್ಮ ಬಾಗಿಲಲ್ಲಿ ನಿಂತರು. ಒಂದು ಕೈಯಲ್ಲಿ ಲೋಟದಷ್ಟೇ ಇರುವ ಮಣ್ಣಿನ ಕುಂಡ. ಅದರಲ್ಲಿ ಅದೇ ತುಳಸಿ, ಕರಿಹಸಿರು ಚಿಗುರು ಹೊಡೆದುಕೊಂಡು ನಿಂತಿತ್ತು. ಇನ್ನೊಂದು ಕೈಯಲ್ಲಿ ಒಂದು ಡಬ್ಬ. ಅಜ್ಜಿ ಒಳಗೆ ಬಾ ಎನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಚಿಗುರನ್ನೇ ನೋಡುತ್ತಿದ್ದಳು.

"ಅವತ್ತು ಬಾಗ್ಲಲ್ಲಿ ನಿಮ್ಮ ಚಪ್ಲಿ ನೋಡ್ದೆ ಅಮ್ಮಾ. ಎರಡು ಸೈಜು ದೊಡ್ಡದು. ಅದ್ಕೇ ಕಾಲು ಎಳೀತಾ ನಡೀತೀರಾ. ಇದು ಹಾಕ್ಕೊಂಡು ನೋಡಿ" ಎಂದು ಡಬ್ಬ ಇಟ್ಟರು.

ಅಜ್ಜಿ ಅವರ ಮುಂದೆ ಡಬ್ಬ ಮುಟ್ಟಲಿಲ್ಲ. ಮಾರನೇ ದಿನ ಹಾಕಿಕೊಂಡು ದೇವಸ್ಥಾನಕ್ಕೆ ಹೋಗಿ ಬಂದಳು, ಅದು ಬೇರೆ. ಅವತ್ತು ಮಾತ್ರ ಸೊಂಟದ ಮೇಲೆ ಕೈ ಇಟ್ಟು ಕರಾರು ಹಾಕಿದಳು:

"ನೋಡಯ್ಯಾ, ಹುಡುಗೀನ ಕೊಡ್ತೀನಿ. ಆದ್ರೆ ಹರಕೆ ಅರ್ಧಕ್ಕೆ ನಿಲ್ಲಬಾರ್ದು. ಈ ತುಳಸೀನ ನೀನೇ ಬೆಳೆಸಿ, ಇದೇ ಬೃಂದಾವನಕ್ಕೆ ವಾಪಸ್ ತಂದು ನಿನ್ನ ಕೈಯಾರೆ ಇಡ್ಬೇಕು. ಇಡೋವರ್ಗೂ ನಾನು ಕಣ್ಣು ಮುಚ್ಚಲ್ಲ. ಇಟ್ಟ ಮಾರನೇ ದಿನಾನೇ ಮುಚ್ಚಿಬಿಡ್ತೀನಿ, ಸಾಕಾಗಿದೆ ನಂಗೂ."

"ಒಂದೇ ಸಲಕ್ಕೆ ಆಗಲ್ಲಮ್ಮ. ಒಂದೊಂದು ಬೆರಳೇ ಬೆಳೆಸ್ಬೇಕು" ಎಂದರು ಮಾವ.

ಹಾಗೆ ನನ್ನ ಮದುವೆಯಾಯಿತು. ಬೃಂದಾವನ ಖಾಲಿ ಉಳಿಯಿತು. ಮನೆಯಲ್ಲಿ ತುಳಸಿ ಇಲ್ಲದೆ ಆಗುತ್ತದೆಯೇ? ಪಕ್ಕದಲ್ಲೇ ಒಂದು ಎಣ್ಣೆ ಡಬ್ಬದಲ್ಲಿ ಬೇರೆ ಸಸಿ ನೆಟ್ಟು, ಅಜ್ಜಿ ಅದಕ್ಕೇ ದೀಪ ಇಡುತ್ತಿದ್ದಳು. "ಇದು ಇನ್‌ಚಾರ್ಜ್. ಪರ್ಮನೆಂಟ್ ಶಿಡ್ಲಘಟ್ಟದಲ್ಲಿದೆ" ಎಂದು ಬಂದವರಿಗೆಲ್ಲ ಹೇಳುವಳು.

ಅಲ್ಲಿಂದಾಚೆಗೆ ಪ್ರತಿ ವರ್ಷ ದೀಪಾವಳಿ ಮುಗಿದು ತುಳಸಿ ಹಬ್ಬ ಬಂದರೆ ಮಾವನವರ ಸವಾರಿ ಚಿಂತಾಮಣಿಗೆ. ತುಳಸಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂರುವುದು. ಜೊತೆಗೆ ನಾನು. ಬಸ್ಸಿನಲ್ಲಿ ಹೆಂಗಸರು ಕೈ ಮುಗಿಯುತ್ತಿದ್ದುದು ಗಿಡಕ್ಕೆ. ಇವರು ತಮಗೇ ಎಂಬಂತೆ ತಲೆ ಆಡಿಸುತ್ತಿದ್ದರು. ಮೊದಮೊದಲು ಲೋಟದ ಕುಂಡ ಹೋಗಿ ಚೊಂಬಿನಷ್ಟಾಯಿತು, ಚೊಂಬು ಹೋಗಿ ಬಿಂದಿಗೆಯಷ್ಟಾಯಿತು. ಒಂದು ವರ್ಷ ಬಸ್ಸು ಬ್ರೇಕ್ ಹಾಕಿದಾಗ ಮುಂದಿನ ಸೀಟಿನ ಕಂಬಿಗೆ ತಾಗಿ ಆ ಕುಂಡದ ಅಂಚು ಒಂದು ಕಡೆ ಒಡೆಯಿತು. ಅಂಗಳದಲ್ಲಿ ಅಜ್ಜಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು.

"ಏನ್ ಬೀಗ್ರೇ, ಈ ಸಲ ಇಡೋದಾ?"

ಮಾವನವರು ಬೃಂದಾವನವನ್ನು ಒಂದು ಸುತ್ತು ಬಂದು, ಕುಂಡದ ಮಣ್ಣಿಗೆ ಬೆರಳು ತೂರಿಸಿ, ಮೂಸಿ, ಡಾಕ್ಟರ ಹಾಗೆ ಮುಖ ಮಾಡಿ ಹೇಳುವರು: "ಇನ್ನೂ ಒಂದು ಬೆರಳು ಸಾಲ್ದಮ್ಮ."

"ನಿನ್ನ ಬೆರಳಿಗೆ ಬೆಂಕಿ ಹಾಕ! ನಾನು ಸಾಯೋದು ಯಾವಾಗಯ್ಯಾ?"

"ಮುಂದಿನ ವರ್ಷ ನೋಡಣ."

ಆಮೇಲೆ ಇಬ್ಬರೂ ಕೂತು ಒಬ್ಬಟ್ಟು ತಿನ್ನುವರು. ಅಜ್ಜಿ ತನ್ನ ಮಂಡಿನೋವಿನ ಪಟ್ಟಿ ಓದುವಳು. ಇವರು ಚಪ್ಪಲಿಯ ಅಟ್ಟೆ ತಿರುಗಿಸಿ ನೋಡಿ, ಸವೆದಿದ್ದರೆ ಮುಂದಿನ ಸಲ ಹೊಸದು ತರುವರು. ಒಂದು ದಿನಕ್ಕೂ ಇವರಿಬ್ಬರ ಬಾಯಲ್ಲಿ ಒಂದು ಒಳ್ಳೆ ಮಾತು ಕೇಳಿದವರಿಲ್ಲ.

ಒಂದು ಮಧ್ಯಾಹ್ನ, ಹಬ್ಬಕ್ಕೆ ಇನ್ನೇನು ಕೆಲವು ದಿನ ಇರುವಾಗ, ಒಣಗಲು ಹಾಕಿದ್ದ ಮೆಣಸಿನಕಾಯಿ ತರಲು ನಾನು ಮಹಡಿ ಹತ್ತಿದೆ. ಮಾವನವರು ನನಗೆ ಬೆನ್ನು ಹಾಕಿ ಕೂತಿದ್ದರು. ಮುಂದೆ ಪೇಪರು ಹಾಸಿ, ಅದರ ಮೇಲೆ ತುಳಸಿಯನ್ನು ಮಲಗಿಸಿದ್ದರು. ಬೇರು ಕುಂಡ ತುಂಬಿ ಸುತ್ತಿ ಸುತ್ತಿ ಹೆಣೆದುಕೊಂಡಿತ್ತು. ಯಾರು ನೋಡಿದರೂ ಹೇಳಬಹುದಿತ್ತು, ಇದಕ್ಕೆ ಕುಂಡ ಚಿಕ್ಕದಾಗಿದೆ ಅಂತ. ಇವರು ಏನು ಮಾಡುತ್ತಿದ್ದರು? ಅತ್ತೆಯ ಬಟ್ಟೆ ಹೊಲಿಯುವ ಕತ್ತರಿ ಹಿಡಿದು ಬೇರು ಕತ್ತರಿಸುತ್ತಿದ್ದರು!

"ಮಾವ! ಏನಿದು?"

ಬೆಲ್ಲ ಕದ್ದ ಮಗುವಿನ ಹಾಗೆ ಕತ್ತರಿ ಹಿಂದಕ್ಕೆ ಮುಚ್ಚಿಟ್ಟುಕೊಂಡರು. "ಶ್! ಮೆಲ್ಲಗೆ. ನಿಮ್ಮತ್ತೆಗೆ ಕತ್ತರಿ ವಿಷ್ಯ ಗೊತ್ತಿಲ್ಲ."

"ಬೇರು ಸುತ್ತು ಬಂದಿದೆ. ದೊಡ್ಡದಕ್ಕೆ ಹಾಕ್ಬೇಕು ಅಲ್ವಾ? ನೀವೇ ತಾನೇ ಹೇಳ್ಕೊಟ್ಟಿದ್ದು?"

"ಹಾಕ್ಬೇಕು. ಹಾಕಿದ್ರೆ ಇದು ಬೃಂದಾವನಕ್ಕೆ ಬಂದುಬಿಡುತ್ತೆ. ನಿಜ ಹೇಳ್ಬೇಕಂದ್ರೆ ಎರಡು ವರ್ಷದ ಹಿಂದೇನೇ ಬಂದಿತ್ತು." ಕೈಗೆ ಮೆತ್ತಿದ ಮಣ್ಣು ಉಜ್ಜಿಕೊಂಡರು. "ನಿಮ್ಮಜ್ಜಿ ಏನಂದಿದಾರೆ ನೆನಪಿದೆ ತಾನೇ? ಇಟ್ಟ ಮಾರನೇ ದಿನಾನೇ ಅಂತ. ಆ ಯಮ್ಮ ಹಠದೋಳು ಕಣಮ್ಮ. ಹೇಳಿದ್ದು ಮಾಡೇಬಿಡ್ತಾರೆ."

ನಾನು ಮೆಣಸಿನಕಾಯಿ ಮೊರ ಪಕ್ಕಕ್ಕೆ ಸರಿಸಿ ಹತ್ತಿರ ಹೋದೆ.

"ಬೇರು ಸ್ವಲ್ಪ, ಮೇಲೆ ಕೊಂಬೆ ಸ್ವಲ್ಪ ಕತ್ತರಿಸಿ, ಹೊಸ ಮಣ್ಣು ಹಾಕಿ ಅದೇ ಪಾಟಲ್ಲಿಟ್ರೆ ಇನ್ನೊಂದು ವರ್ಷ ಆರಾಮಾಗಿರುತ್ತೆ. ಕದಿರು ಬಂದಾಗೆಲ್ಲ ಚಿವುಟಿದ್ರೆ ಮುದಿ ಆಗಲ್ಲ. ಗಿಡಕ್ಕೂ ತೊಂದ್ರೆ ಇಲ್ಲ, ಅವ್ರಿಗೂ ಇಲ್ಲ." ಮತ್ತೆ ಕತ್ತರಿ ಎತ್ತಿಕೊಂಡರು. "ಸೈಜಿನ ವಿಷ್ಯದಲ್ಲಿ ನಾನು ಸುಳ್ಳು ಹೇಳ್ತಿರೋದು ಇದೊಂದೇ. ನೀನು ಹೇಳ್ಬೇಡ ತಾಯಿ."

ಅವತ್ತು ಅವರ ಮೇಲೆ ನನಗೆ ಬಂದ ಪ್ರೀತಿ, ಹೆತ್ತ ಅಪ್ಪನ ಮೇಲೂ ಬಂದಿರಲಿಲ್ಲ. ಬಾಯಿಬಿಟ್ಟು ಹೇಳಲಿಲ್ಲ. ಕೊಂಬೆ ಹಿಡಿದುಕೊಂಡು ಕೂತೆ, ಅವರು ಕತ್ತರಿಸಿದರು. ಕೆಳಗೆ ಹೋಗುವಾಗ ಕತ್ತರಿಯನ್ನು ನಾನೇ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಮೆಶಿನ್ ಡ್ರಾಯರಿನಲ್ಲಿ ಇಟ್ಟೆ.

ಹೋದ ವರ್ಷ ಬೇಸಿಗೆಯಿಂದಲೇ ಅವರು ಹಾಸಿಗೆ ಹಿಡಿದರು. ಮಹಡಿ ಹತ್ತಲಾಗುತ್ತಿರಲಿಲ್ಲ. ಮಲಗಿದಲ್ಲಿಂದಲೇ, "ದಾಸವಾಳ ಒಂದು ಬೆರಳು ದೊಡ್ಡದಕ್ಕೆ ಹಾಕ್ದೇನಮ್ಮ?" ಎಂದು ವಿಚಾರಿಸುವರು. ಆಸ್ಪತ್ರೆಯಲ್ಲಿ ಕೊಟ್ಟ ಅಂಗಿ ದೊಗಲೆಯಾಗಿದೆ ಅಂತ ನರ್ಸ್ ಜೊತೆ ಜಗಳ ಆಡಿ, ಒಂದು ಸೈಜ್ ಚಿಕ್ಕದು ತರಿಸಿಕೊಂಡರು. ಅದೇ ಅವರ ಕೊನೆಯ ಗೆಲುವು. ದೀಪಾವಳಿಗೆ ಸ್ವಲ್ಪ ಮುಂಚೆ ಹೋಗಿಬಿಟ್ಟರು. ಅಜ್ಜಿಗೆ ಬರಲು ಆಗಲಿಲ್ಲ.

ತುಳಸಿ ಹಬ್ಬದ ಹಿಂದಿನ ದಿನ ಅಜ್ಜಿಯದೇ ಫೋನು. "ನಿಮ್ಗೆ ಈ ವರ್ಷ ಹಬ್ಬ ಇಲ್ಲ, ಗೊತ್ತು. ಗಿಡಕ್ಕೇನು ಸೂತಕ? ತಗೊಂಡ್ ಬಾ."

ಮಹಡಿಗೆ ಹೋಗಿ ನೋಡಿದೆ. ಮಾವನವರು ಮಲಗಿದ ಮೇಲೆ ಯಾರೂ ಕತ್ತರಿ ಹಾಕಿರಲಿಲ್ಲ. ತುಳಸಿ ಎದೆಮಟ್ಟ ಬೆಳೆದು, ಕದಿರು ತೂಗಾಡಿಸಿಕೊಂಡು ನಿಂತಿತ್ತು. ಬೇರು ಕುಂಡದ ತಳದ ತೂತಿನಿಂದ ಹೊರಗೆ ಬಂದಿತ್ತು. ಬಚ್ಚಿಡುವ ಹಾಗೇ ಇರಲಿಲ್ಲ. ನಾನೇ ಕತ್ತರಿಸಲೇ ಎಂದುಕೊಂಡೆ, ಕೈ ಬರಲಿಲ್ಲ. ಮಾರನೇ ದಿನ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡರೆ ಗಿಡ ನನ್ನ ಮುಖವನ್ನೇ ಮುಚ್ಚುತ್ತಿತ್ತು. ಅದರ ಮರೆಯಲ್ಲಿ ಅಳುವುದಕ್ಕೆ ಅನುಕೂಲವಾಯಿತು.

ಅಜ್ಜಿ ಅಂಗಳದಲ್ಲಿ ಅದೇ ಕುರ್ಚಿಯಲ್ಲಿ ಕೂತಿದ್ದಳು, ಮಾವ ತಂದುಕೊಟ್ಟ ಚಪ್ಪಲಿ ಹಾಕಿಕೊಂಡು. ಬೃಂದಾವನ ತೊಳೆದು, ಸುತ್ತ ರಂಗೋಲಿ ಹಾಕಿಸಿದ್ದಳು. ಕುಂಡವನ್ನು ಅವಳ ಕಾಲ ಹತ್ತಿರ ಇಟ್ಟೆ. ತಳದಿಂದ ಇಳಿಬಿದ್ದ ಬೇರನ್ನು ನೋಡಿದಳು. ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಸೈಜ್ ಬಂದಿದೆ ಅಜ್ಜಿ" ಎಂದೆ.

ಅಜ್ಜಿ ಬಗ್ಗಿ, ತೋರುಬೆರಳನ್ನು ಮಣ್ಣಿಗೆ ತೂರಿಸಿದಳು. ಥೇಟ್ ಅವರ ಹಾಗೆಯೇ. ಮೂಗಿನ ಹತ್ತಿರ ಹಿಡಿದು ಮೂಸಿದಳು. ಬೆರಳನ್ನು ಬಹಳ ಹೊತ್ತು ಕೆಳಗಿಳಿಸಲಿಲ್ಲ. ಕಣ್ಣು ತುಂಬಿಕೊಂಡಿತ್ತು.

"ವರ್ಷಾವರ್ಷ ಅದೇ ಅಂಚು ಒಡೆದಿರೋ ಪಾಟು ತಂದು ನನ್ನ ಮುಂದೆ ಇಟ್ಟು, ಒಂದು ಬೆರಳು ಸಾಲ್ದು, ಒಂದು ಬೆರಳು ಸಾಲ್ದು ಅಂತಿದ್ನಲ್ಲ ಆ ಮಹಾರಾಯ" ಎಂದಳು. "ನಂಗೇನು ಕಣ್ಣಿಲ್ವಾ?"

ನಾನು ತಲೆ ಎತ್ತಿ ನೋಡಿದೆ. ಅಜ್ಜಿ ಸೊಂಟದಿಂದ ಎಲೆ ಅಡಕೆ ಸಂಚಿ ತೆಗೆದು, ಅದರೊಳಗಿನ ಅಡಕೆ ಕತ್ತರಿಯನ್ನು ನನ್ನ ಕೈಗಿಟ್ಟಳು. ನಾನು ಕುಂಡದ ಕಡೆ ಬಗ್ಗಿದರೆ, ರಪ್ಪನೆ ನನ್ನ ಕೈ ಮೇಲೆ ಹೊಡೆದಳು.

"ಇವತ್ತಲ್ವೇ ಪೆದ್ದಿ! ದ್ವಾದಶಿ ದಿನ ತುಳಸಿಗೆ ಕತ್ತರಿ ಹಾಕ್ತಾರಾ? ರಾತ್ರಿ ಇಲ್ಲೇ ಇರು. ನಾಳೆ ಬೆಳಗ್ಗೆ ಕತ್ತರಿಸಿ ಅದೇ ಪಾಟಲ್ಲಿ ಇಟ್ಟು, ಊರಿಗೆ ತಗೊಂಡ್ ಹೋಗು."

"ಬೃಂದಾವನ ಅಜ್ಜಿ?"

"ಇನ್ನೂ ಒಂದು ಬೆರಳು ಸಾಲ್ದು ಕಣೇ" ಎಂದಳು ಅಜ್ಜಿ. "ಮುಂದಿನ ವರ್ಷ ನೋಡಣ."